ಲೇಟೈಮ್ ಲೆಕ್ಕ ಬಲ್ಲವನು ಗುಮಾಸ್ತನಲ್ಲ

ಪುತ್ತೂರಿನ ಓದುಗರೊಬ್ಬರು ಬರೆದಿದ್ದಾರೆ: "ಮಗ ಮೆಕ್ಯಾನಿಕಲ್ ಎಂಜಿನಿಯರ್. ರಿಫೈನರಿಯಲ್ಲಿ ಕೆಲಸ ಸಿಕ್ಕಿದೆ. ಅದನ್ನು ಬಿಟ್ಟು ಸಿಂಗಪುರದ ತೈಲ ವ್ಯಾಪಾರ ಕಂಪನಿಯೊಂದರ ಆಪರೇಷನ್ಸ್ ವಿಭಾಗಕ್ಕೆ ಹೋಗುತ್ತೇನೆ ಅನ್ನುತ್ತಾನೆ. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಓದಿದ ವಿದ್ಯೆ ಬಿಟ್ಟು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತನಾಗುವುದು ಸರಿಯೇ?"

ರಿಫೈನರಿ ಕೆಲಸ ಒಳ್ಳೆಯದೇ. ಭದ್ರತೆ ಇದೆ, ಕಲಿಯಲಿಕ್ಕೂ ಬೇಕಾದಷ್ಟಿದೆ. ಆದರೆ ಆ ಇನ್ನೊಂದು ಕೆಲಸದ ಬಗ್ಗೆ ನಿಮಗೆ ಇಷ್ಟು ತಾತ್ಸಾರ ಯಾಕೆ? ಲೆಟರ್ ಆಫ್ ಕ್ರೆಡಿಟ್‌ನಲ್ಲಿ, ಅಂದರೆ ಕೊಳ್ಳುವವನ ಪರವಾಗಿ ಹಣ ಕೊಡುತ್ತೇವೆಂದು ಬ್ಯಾಂಕು ಬರೆದುಕೊಡುವ ಭರವಸೆಯಲ್ಲಿ, ಬ್ಯಾಂಕು ನೋಡುವುದು ಸರಕನ್ನಲ್ಲ, ದಾಖಲೆಯನ್ನು ಎಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ತೈಲ ವ್ಯಾಪಾರ ನಿಂತಿರುವುದೂ ಅದೇ ದಾಖಲೆಗಳ ಮೇಲೆ.

ಆರು ಲಕ್ಷ ಬ್ಯಾರೆಲ್ ಕಚ್ಚಾ ತೈಲದ ಒಂದು ವ್ಯವಹಾರ ಅಂದುಕೊಳ್ಳಿ. ಇಂಥ ಒಪ್ಪಂದದಲ್ಲಿ ಬೆಲೆಯ ಅಂಕಿ ಇರುವುದಿಲ್ಲ. 'ಬಿಲ್ ಆಫ್ ಲೇಡಿಂಗ್ ದಿನಾಂಕದ ನಂತರದ ಐದು ದಿನಗಳ ಬ್ರೆಂಟ್ ದರದ ಸರಾಸರಿ' ಎಂಬಂಥ ಸೂತ್ರ ಇರುತ್ತದೆ. ಬಿಲ್ ಆಫ್ ಲೇಡಿಂಗ್ ಅಂದರೆ ಸರಕು ತುಂಬಿಸಿಕೊಂಡದ್ದಕ್ಕೆ ಹಡಗಿನವರು ಕೊಡುವ ದಾಖಲೆ; ಬ್ರೆಂಟ್ ಅಂದರೆ ಕಚ್ಚಾ ತೈಲದ ಬೆಲೆಗೆ ಮಾನದಂಡವಾಗಿರುವ ದರ. ರಾತ್ರಿ ಹನ್ನೊಂದಕ್ಕೆ ಮುಗಿಯಬೇಕಿದ್ದ ಲೋಡಿಂಗ್ ಒಂದು ಗಂಟೆಗೆ ಮುಗಿದರೆ ಬಿಲ್ಲಿನ ದಿನಾಂಕ ಮುಂದೆ ಹೋಯಿತು. ಸರಾಸರಿಯಿಂದ ಮೊದಲ ದಿನದ ದರ ಬಿಟ್ಟುಹೋಗಿ ಕೊನೆಗೆ ಹೊಸದೊಂದು ಸೇರಿತು. ಆ ಎರಡು ದರಗಳ ನಡುವೆ ಎರಡು ಡಾಲರ್ ಅಂತರವಿದ್ದರೆ ಸರಾಸರಿ 40 ಸೆಂಟ್ ಕದಲುತ್ತದೆ. ಒಟ್ಟು 2,40,000 ಡಾಲರ್! ಟ್ರೇಡರ್‌ಗೆ ಕೂಡಲೇ ತಿಳಿಸದಿದ್ದರೆ ಅವನ ಹೆಡ್ಜ್, ಅಂದರೆ ದರದ ಏರಿಳಿತದಿಂದ ನಷ್ಟವಾಗದಂತೆ ಮಾಡಿಟ್ಟ ಎದುರು ವ್ಯವಹಾರ, ತಪ್ಪು ದಿನಗಳ ಮೇಲೆ ಕೂತಿರುತ್ತದೆ. ತಿಳಿಸಬೇಕಾದವನು ನೀವು ಗುಮಾಸ್ತ ಅಂದಿರಲ್ಲ, ಆ ಹುಡುಗ.

ಡೆಮರೇಜ್, ಅಂದರೆ ಹಡಗನ್ನು ಗೊತ್ತಾದ ಸಮಯಕ್ಕಿಂತ ಹೆಚ್ಚು ಕಾಯಿಸಿದ್ದಕ್ಕೆ ಹಡಗಿನವರಿಗೆ ಕೊಡಬೇಕಾದ ಹಣ, ಅದರ ಲೆಕ್ಕವೂ ಅವನದೇ. ಟ್ಯಾಂಕರ್ ಒಪ್ಪಂದಗಳಲ್ಲಿ ತುಂಬಲು, ಇಳಿಸಲು ಸೇರಿ ಸಾಮಾನ್ಯವಾಗಿ 72 ಗಂಟೆ ಲೇಟೈಮ್, ಅಂದರೆ ಡೆಮರೇಜ್ ಇಲ್ಲದೆ ಸಿಗುವ ಸಮಯ. ಹಡಗು ಸಿದ್ಧವಿದೆ ಎಂಬ ನೋಟಿಸ್ (ನೋಟಿಸ್ ಆಫ್ ರೆಡಿನೆಸ್) ಕೊಟ್ಟು ಆರು ಗಂಟೆ ಕಳೆದ ಮೇಲೆ, ಅಥವಾ ಹಡಗು ಅದಕ್ಕೂ ಮೊದಲೇ ಬರ್ತ್, ಅಂದರೆ ಬಂದರಿನಲ್ಲಿ ನಿಲ್ಲುವ ಕಟ್ಟೆ, ಸೇರಿದರೆ ಆಗಲೇ, ಗಡಿಯಾರ ಓಡತೊಡಗುತ್ತದೆ. 108 ಗಂಟೆ ಹಿಡಿಯಿತೆನ್ನಿ. ಹೆಚ್ಚಾದ 36 ಗಂಟೆಗೆ, ದಿನಕ್ಕೆ 40,000 ಡಾಲರ್ ದರದಲ್ಲಿ, 60,000 ಡಾಲರ್ ದಂಡ. ಆದರೆ ಇಳಿಸುವಾಗ ಹಡಗಿನ ಪಂಪುಗಳು ಮ್ಯಾನಿಫೋಲ್ಡ್‌ನಲ್ಲಿ (ದಡದ ಪೈಪುಗಳು ಹಡಗಿಗೆ ಸೇರುವ ಜಾಗ) 100 ಪಿಎಸ್‌ಐ ಒತ್ತಡ ಕಾಯ್ದುಕೊಳ್ಳಬೇಕು, ಇಲ್ಲವೇ 24 ಗಂಟೆಯಲ್ಲಿ ಖಾಲಿ ಮಾಡಬೇಕು ಎಂಬ ಷರತ್ತು ಬಹುಪಾಲು ಇರುತ್ತದೆ. ಪಂಪು ಸೋತಿದ್ದರಿಂದ ಹೋದ ಸಮಯ ಹಡಗಿನವರ ಖಾತೆಗೆ. ಅದು ಗೊತ್ತಾಗುವುದು ಪಂಪಿಂಗ್ ಲಾಗ್‌ನಿಂದ. ಒತ್ತಡ ಬಿದ್ದದ್ದು ಹಡಗಿನ ಪಂಪು ಸವೆದಿದ್ದಕ್ಕೋ, ದಡದ ಟರ್ಮಿನಲ್‌ನವರು ವಾಲ್ವ್ ಬಿಗಿ ಮಾಡಿದ್ದಕ್ಕೋ ಎಂದು ಆ ಲಾಗ್ ನೋಡಿ ಹೇಳಬಲ್ಲವನು ಮೆಕ್ಯಾನಿಕಲ್ ಓದಿದವನು. ವಿದ್ಯೆ ಬಿಟ್ಟ ಹಾಗೆ ಎಲ್ಲಾಯಿತು? ಕ್ಲೇಮ್ ಕಳಿಸಲು ಹಲವು ಒಪ್ಪಂದಗಳಲ್ಲಿ 90 ದಿನ ಗಡುವು. ತೊಂಬತ್ತೊಂದನೇ ದಿನ ಕಳಿಸಿದರೆ ಲೆಕ್ಕ ಎಷ್ಟೇ ಸರಿ ಇದ್ದರೂ ಕಾಸು ಹುಟ್ಟುವುದಿಲ್ಲ.

ಇಂಥ ಷರತ್ತುಗಳ ಬೆಲೆ ನಮ್ಮ ದೇಶವೇ ತೆತ್ತು ಕಲಿತಿದೆ. ಅನಿಲ ಆಮದು ಮಾಡುವ ನಮ್ಮ ಪೆಟ್ರೋನೆಟ್ ಕಂಪನಿ 1999ರಲ್ಲಿ ಕತಾರಿನ ರಾಸ್‌ಗ್ಯಾಸ್ ಕಂಪನಿ ಜೊತೆ ವರ್ಷಕ್ಕೆ 75 ಲಕ್ಷ ಟನ್ ಎಲ್‌ಎನ್‌ಜಿಗೆ (ದ್ರವೀಕರಿಸಿದ ನೈಸರ್ಗಿಕ ಅನಿಲ) 25 ವರ್ಷದ ಒಪ್ಪಂದ ಮಾಡಿಕೊಂಡಿತು. ಅದರ ಬೆಲೆ 60 ತಿಂಗಳ ತೈಲ ದರದ ಸರಾಸರಿಗೆ ಕಟ್ಟಿಬಿದ್ದಿತ್ತು. 2014ರ ಕೊನೆಗೆ ತೈಲ ಕುಸಿಯಿತು. ಹೊರಗಿನ ಮಾರುಕಟ್ಟೆಯಲ್ಲಿ ಅನಿಲ ಅಗ್ಗವಾದರೂ ಹಳೆಯ ದುಬಾರಿ ವರ್ಷಗಳು ಸರಾಸರಿಯೊಳಗೇ ಕೂತಿದ್ದವು. ಪೆಟ್ರೋನೆಟ್ ಒಪ್ಪಿದ್ದಕ್ಕಿಂತ ಕಡಿಮೆ ಎತ್ತಿತು. ಎತ್ತದಿದ್ದರೂ ಹಣ ಕೊಡಬೇಕೆಂಬ 'ಟೇಕ್ ಆರ್ ಪೇ' ಷರತ್ತಿನಡಿ ಸುಮಾರು 12,000 ಕೋಟಿ ರೂಪಾಯಿ ತಲೆ ಮೇಲೆ ಬಂತು. 2015ರ ಡಿಸೆಂಬರಿನಲ್ಲಿ ಮಾತುಕತೆ ಮುಗಿದಾಗ 60 ತಿಂಗಳ ಜಾಗಕ್ಕೆ ಮೂರು ತಿಂಗಳ ಬ್ರೆಂಟ್ ಸರಾಸರಿ ಬಂತು, ಆ ಹೊರೆ ಇಳಿಯಿತು. ಪ್ರತಿಯಾಗಿ ವರ್ಷಕ್ಕೆ ಇನ್ನೂ 10 ಲಕ್ಷ ಟನ್ ಕೊಳ್ಳಲು ನಾವು ಒಪ್ಪಿದೆವು. ಇದನ್ನು ದಲ್ಲಾಳಿ ಕೆಲಸ ಅನ್ನಲು ನನಗಂತೂ ಮನಸ್ಸು ಬಾರದು.

ನನ್ನ ಸಂಕಟ ಇನ್ನೊಂದಿದೆ. ನಿಮ್ಮದೇ ಜಿಲ್ಲೆಯ ಬಂದರಿಗೆ ಕಚ್ಚಾ ತೈಲದ ಹಡಗುಗಳು ಬರುತ್ತವೆ. ಮಂಗಳೂರಿನ ನೆಲದಡಿಯ 15 ಲಕ್ಷ ಟನ್ನಿನ ಸಂಗ್ರಹಾಗಾರದಲ್ಲಿ ಜಾಗ ಪಡೆದು ಅಬುಧಾಬಿಯ ಅಡ್ನಾಕ್ ಕಂಪನಿ 2018ರಲ್ಲಿ ತೈಲ ತಂದು ತುಂಬಿಸಿತು. ಇಷ್ಟಾದರೂ ನಮ್ಮ ವಾಣಿಜ್ಯ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಒಂದು ಚಾರ್ಟರ್ ಪಾರ್ಟಿಯನ್ನು, ಅಂದರೆ ಹಡಗು ಬಾಡಿಗೆಯ ಒಪ್ಪಂದವನ್ನು, ಕೈಯಲ್ಲಿ ಹಿಡಿದು ಓದಿದ್ದಾರೆ? ಪಠ್ಯದಲ್ಲಿ ವ್ಯಾಖ್ಯೆಗಳಿವೆ, ದಾಖಲೆಗಳಿಲ್ಲ. ಎಂಜಿನಿಯರಿಂಗ್ ಮಕ್ಕಳಿಗೆ ಟರ್ಬೈನ್ ಗೊತ್ತು, ಅದರೊಳಗೆ ಉರಿಯುವ ಅನಿಲವನ್ನು ಯಾವ ಸೂತ್ರದ ಮೇಲೆ ಕೊಳ್ಳುತ್ತಾರೆಂದು ಯಾರೂ ಹೇಳಿಕೊಟ್ಟಿಲ್ಲ. ಇಷ್ಟೊಂದು ಇಂಧನ ಆಮದು ಮಾಡುವ ದೇಶ, ಕೊಳ್ಳುವ ವಿದ್ಯೆಯನ್ನು ಕೀಳಾಗಿ ಕಂಡರೆ ಮಾರುವವರು ಹೇಳಿದ್ದೇ ಬೆಲೆಯಾಗುತ್ತದೆ.

ಮಗನನ್ನು ಕಳಿಸಿ, ಆದರೆ ಸಹಿ ಹಾಕುವ ಮೊದಲು ಅವನು ಕಂಪನಿಯವರನ್ನು ಕೆಲವು ವಿಷಯ ಕೇಳಿ ತಿಳಿದುಕೊಳ್ಳಲಿ. ಡೆಮರೇಜ್ ಕ್ಲೇಮ್‌ಗಳನ್ನು ಅವನೇ ನೋಡುತ್ತಾನೋ, ಬೇರೆ ವಿಭಾಗವೋ? ಬೇರೆಯಾದರೆ ಮೊದಲ ವರ್ಷ ಅಲ್ಲಿ ಕೂರಲು ಬಿಡುತ್ತಾರೋ? ರಾತ್ರಿ ಪಾಳಿ ಹೇಗೆ ಹಂಚುತ್ತಾರೆ? ಬಂದರುಗಳಿಗೆ ಭಾನುವಾರ ಇಲ್ಲ. ಬೋನಸ್ಸನ್ನು ಸಂಬಳದಲ್ಲಿ ಸೇರಿಸಿ ಹೇಳಿದರೆ ಅದನ್ನು ತೆಗೆದು ಬಾಡಿಗೆಯ ಲೆಕ್ಕ ಹಾಕಲಿ. ಟ್ರೇಡರ್ ಕುರ್ಚಿಗೆ ಅವಸರ ಬೇಡ. ಕೆಲವು ವರ್ಷ ಹಡಗುಗಳ ಹಿಂದೆ ಬಿದ್ದು ಕಾಗದ ಜೋಡಿಸಲಿ.