ಒಬ್ಬ ನಿವಾಸಿಯೂ ಇಲ್ಲದ ಕೌಂಟಿ

ಪ್ರಶ್ನೆ: ಅಮೆರಿಕದಲ್ಲಿ ಒಬ್ಬರೂ ವಾಸಿಸದ ಕೌಂಟಿಯೊಂದು (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಎರಡು ವರ್ಷ ಇತ್ತಂತೆ. ನಿಜವೇ? ಜನರಿಲ್ಲದ ಮೇಲೆ ಯಾತಕ್ಕಾಗಿ ರಚಿಸಿದರು, ಯಾಕೆ ರದ್ದಾಯಿತು?

ಉತ್ತರ: ನಿಜ. ಅದು ನೆವಾಡ ರಾಜ್ಯದ ಬುಲ್‌ಫ್ರಾಗ್ ಕೌಂಟಿ. 1987ರ ಜೂನ್‌ನಲ್ಲಿ ನೈ ಕೌಂಟಿಯಿಂದ 144 ಚದರ ಮೈಲಿ (ಸುಮಾರು 373 ಚದರ ಕಿ.ಮೀ.) ಬೇರ್ಪಡಿಸಿ ಅದನ್ನು ಮಾಡಿದರು. ಒಳಗೆ ಮನೆಯಿಲ್ಲ, ಡಾಂಬರು ರಸ್ತೆಯಿಲ್ಲ. ಇದ್ದದ್ದು ಯಕ್ಕಾ ಬೆಟ್ಟ. ಪರಮಾಣು ತ್ಯಾಜ್ಯ ಹೂಳಲು ಆಗ ಪರಿಶೀಲನೆಯಲ್ಲಿದ್ದ ಮೂರು ಜಾಗಗಳಲ್ಲಿ ಒಂದು.

ಗುಟ್ಟೆಲ್ಲ ತೆರಿಗೆಯಲ್ಲಿದೆ. ಕೇಂದ್ರ ಸರ್ಕಾರದ ಆಸ್ತಿಗೆ ಸ್ಥಳೀಯರು ತೆರಿಗೆ ಹಾಕುವಂತಿಲ್ಲ. ಆದರೆ 1982ರ ಪರಮಾಣು ತ್ಯಾಜ್ಯ ಕಾಯ್ದೆಯ ಪ್ರಕಾರ, ಅಲ್ಲಿ ಬೇರೆ ಉದ್ಯಮ ಇದ್ದಿದ್ದರೆ ಬರುತ್ತಿದ್ದಷ್ಟು ತೆರಿಗೆಗೆ ಸಮನಾದ ಹಣವನ್ನು ಕೇಂದ್ರ ಕೊಡಬೇಕು. ಅಂದರೆ ದರ ಏರಿದಷ್ಟೂ ವಸೂಲಿ. ನೈ ಕೌಂಟಿಯಲ್ಲಿ ದರ ಏರಿಸಿದರೆ ಹೊರೆ ಅಲ್ಲಿನ ಜನರಿಗೂ ಬೀಳುತ್ತದೆ, ಬಂದ ಹಣವೂ ಅಲ್ಲೇ ಉಳಿಯುತ್ತದೆ. ಖಾಲಿ ಕೌಂಟಿಗೆ ಆ ತೊಡಕಿಲ್ಲ, ಹಣ ನೇರವಾಗಿ ರಾಜ್ಯದ ಖಜಾನೆಗೆ. ಹಾಗಾಗಿ ರಾಜ್ಯ ಸಂವಿಧಾನದ ಗರಿಷ್ಠ ಮಿತಿಯನ್ನೇ ಹಾಕಿದರು: 100 ಡಾಲರಿಗೆ 5 ಡಾಲರ್. ನೆವಾಡದಲ್ಲಿ ಆಸ್ತಿ ಮೌಲ್ಯದ ಶೇ. 35ಕ್ಕೆ ಮಾತ್ರ ತೆರಿಗೆ ಲೆಕ್ಕ ಹಾಕುತ್ತಾರೆ. 10 ಲಕ್ಷ ಡಾಲರಿನ ಆಸ್ತಿಯಾದರೆ 3.5 ಲಕ್ಷಕ್ಕೆ 17,500 ಡಾಲರ್ ತೆರಿಗೆ.

ಜಾಣ್ಮೆಯ ಲೆಕ್ಕವೇ, ಆದರೆ ಆಡಳಿತದ ಕಡೆ ಪೂರ್ತಿ ಟೊಳ್ಳು. ಕೌಂಟಿಯ ಕೇಂದ್ರಸ್ಥಾನ ಕೌಂಟಿಯೊಳಗೇ ಇಲ್ಲ. 270 ಮೈಲಿ ದೂರದ ರಾಜಧಾನಿ ಕಾರ್ಸನ್ ಸಿಟಿಯಲ್ಲಿ. ಮತದಾರರಿಲ್ಲದ್ದರಿಂದ ಅಧಿಕಾರಿಗಳನ್ನು ರಾಜ್ಯಪಾಲರೇ ನೇಮಿಸಬೇಕಾಯಿತು. ಬೆಟ್ಟದ ಬುಡದಲ್ಲಿ ಅಪರಾಧ ನಡೆದರೆ? ಜ್ಯೂರಿಗೆ (ಅಪರಾಧಿಯೋ ಅಲ್ಲವೋ ಎಂದು ತೀರ್ಮಾನಿಸುವ ನಾಗರಿಕರ ತಂಡಕ್ಕೆ) ಹನ್ನೆರಡು ಜನರನ್ನು ಆ ಕೌಂಟಿಯಿಂದಲೇ ಆರಿಸಬೇಕೆಂದರೆ ಒಬ್ಬರೂ ಸಿಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಅತಿ ದುರ್ಬಲ ಕೊಂಡಿ ಇದೇ. ಕೌಂಟಿ ಆಡಳಿತ ರಾಜ್ಯದಾದ್ಯಂತ ಏಕರೂಪವಾಗಿರಬೇಕು ಎಂದು ನೆವಾಡದ ಸಂವಿಧಾನವೂ ಹೇಳುತ್ತದೆ.

ನೈ ಕೌಂಟಿ ನ್ಯಾಯಾಲಯಕ್ಕೆ ಹೋಯಿತು. 1988ರ ಫೆಬ್ರುವರಿಯಲ್ಲಿ ಹೊಸ ಕೌಂಟಿ ಅಸಾಂವಿಧಾನಿಕವೆಂದು ತೀರ್ಪು ಬಂತು. 1989ರಲ್ಲಿ ಶಾಸನಸಭೆ ಅದನ್ನು ರದ್ದು ಮಾಡಿ ನೆಲವನ್ನು ನೈ ಕೌಂಟಿಗೆ ಮರಳಿಸಿತು.

ಪ್ರಶ್ನೆ: ಜನಗಣತಿ ವರದಿಯಲ್ಲಿ ಬುಲ್‌ಫ್ರಾಗ್ ಸಿಗುತ್ತದೆಯೇ?

ಉತ್ತರ: ಇಲ್ಲ. ಅಲ್ಲಿ ಜನಗಣತಿ ಹತ್ತು ವರ್ಷಕ್ಕೊಮ್ಮೆ. 1980ರಲ್ಲಿ ಈ ಕೌಂಟಿ ಹುಟ್ಟಿರಲಿಲ್ಲ, 1990ಕ್ಕೆ ಉಳಿದಿರಲಿಲ್ಲ. ನೈ ಕೌಂಟಿಯ ಅಂಕಿಗಳಲ್ಲೂ ಅದರಿಂದ ಏರುಪೇರಾಗಿಲ್ಲ.