ಮೇಳಕ್ಕೆ ಮೊದಲೇ ಅರ್ಜಿ ಹಾಕಿ

ಓದುಗರ ಪ್ರಶ್ನೆ – ಪರಿಣತರ ಉತ್ತರ
ಈ ಸಲದ ವಿಷಯ: ವಿಶ್ವವಿದ್ಯಾಲಯದ ಸಂಶೋಧನೆ, ಪೇಟೆಂಟ್, ಲೈಸೆನ್ಸ್

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಯಂತ್ರವೊಂದನ್ನು ನಮ್ಮ ವಿಭಾಗದಲ್ಲಿ ಮಾಡಿದ್ದೇವೆ. ಕೃಷಿ ಮೇಳದಲ್ಲಿ ರೈತರಿಗೆ ತೋರಿಸೋಣ, ಮೆಚ್ಚಿದರೆ ಪೇಟೆಂಟ್‌ಗೆ ಅರ್ಜಿ ಹಾಕೋಣ ಎಂಬುದು ತಂಡದ ವಿಚಾರ. ಇದು ಸರಿಯೇ?
– ಸಂಶೋಧಕಿ, ಧಾರವಾಡ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಮಳಿಗೆಯಲ್ಲಿ ಮುಚ್ಚಳ ತೆಗೆದು ಒಳಗಿನ ಉರುಳೆ, ಬ್ಲೇಡು ತೋರಿಸಿದಿರೋ, ಅಲ್ಲಿಗೆ ಅದು ಎಲ್ಲರಿಗೂ ಗೊತ್ತಾದ ಸಂಗತಿ. ಹೊಸತನ ಹೋದ ಮೇಲೆ ಪೇಟೆಂಟ್ ಸಿಗುವುದಿಲ್ಲ. ಪೇಟೆಂಟ್ ಕಾಯ್ದೆಯ ಕಲಂ 31ರಲ್ಲಿ ಪ್ರದರ್ಶನಗಳಿಗೆ 12 ತಿಂಗಳ ರಿಯಾಯಿತಿ ಇದೆ ಎಂದು ಯಾರಾದರೂ ಧೈರ್ಯ ಹೇಳಬಹುದು. ಆ ರಿಯಾಯಿತಿ ಇರುವುದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ. ಎಷ್ಟೇ ಜನ ಸೇರುವ ಮೇಳವಾದರೂ ಅಧಿಸೂಚನೆ ಇಲ್ಲದಿದ್ದರೆ ರಕ್ಷಣೆ ಇಲ್ಲ. ಯೂಟ್ಯೂಬ್ ವಿಡಿಯೊ, ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದ ಚಿತ್ರ, ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಏರಿಸಿದ ಪಿಎಚ್.ಡಿ. ಪ್ರಬಂಧ ಇವೂ ಅದೇ ಲೆಕ್ಕ. ರೈತರ ಕಣದಲ್ಲಿ ಯಂತ್ರ ಓಡಿಸಿ ನೋಡಲೇಬೇಕಾದ ಪ್ರಸಂಗಕ್ಕೆ ಕಲಂ 32 ಇದೆ: ಪರೀಕ್ಷೆಗಾಗಿಯೇ, ಅಗತ್ಯವಿದ್ದಷ್ಟೇ, ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ ನಡೆದ ಬಳಕೆಯಿಂದ ಹೊಸತನ ಕೆಡುವುದಿಲ್ಲ. ಆದರೂ ಕಣಕ್ಕೆ ಬಂದವರಿಂದ ಗೌಪ್ಯತೆಯ ಪತ್ರಕ್ಕೆ ಸಹಿ ಪಡೆದಿಟ್ಟುಕೊಳ್ಳಿ.

ಮೇಳಕ್ಕೆ ಹದಿನೈದೇ ದಿನ ಉಳಿದಿದ್ದರೂ ಹಾದಿಯಿದೆ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ. ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ಶಿಕ್ಷಣ ಸಂಸ್ಥೆಗೆ ಶುಲ್ಕ 1,600 ರೂಪಾಯಿ. ಪೂರ್ಣ ವಿವರಣೆ ಕೊಡಲು 12 ತಿಂಗಳು ಸಿಗುತ್ತದೆ. ಅವಸರದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ: ಎರಡು ಪುಟ ಗೀಚಿ ಕಳಿಸಿಬಿಡುತ್ತಾರೆ. ತಾತ್ಕಾಲಿಕ ವಿವರಣೆಯಲ್ಲಿ ಬರೆಯದ ಅಂಶಕ್ಕೆ ಆ ಅರ್ಜಿಯ ದಿನಾಂಕದ ಲಾಭ ಸಿಗುವುದಿಲ್ಲ, ಮೇಳದಲ್ಲಿ ತೋರಿಸಿದರೆ ಅದರ ಹೊಸತನ ಹೋಗುತ್ತದೆ. ಉರುಳೆಗಳ ನಡುವಿನ ಅಂತರ 4 ಮಿ.ಮೀ. ಎಂದಷ್ಟೇ ಬರೆದರೆ ಇನ್ನೊಬ್ಬ 5 ಮಿ.ಮೀ. ಇಟ್ಟು ನುಸುಳಿಕೊಳ್ಳುತ್ತಾನೆ. ಅಂತರ, ವೇಗ, ಕಾಯಿಯ ತೇವಾಂಶ, ರಬ್ಬರಿನ ಗಡಸು ಹೀಗೆ ಪ್ರಯೋಗಿಸಿ ನೋಡಿದ ವ್ಯಾಪ್ತಿಯನ್ನೆಲ್ಲ ಬರೆಯಿರಿ. ಕೈಯಲ್ಲಿ ಬಿಡಿಸಿದ ನಕ್ಷೆಯಾದರೂ ಸರಿ, ಜೊತೆಗಿರಲಿ.

ಪೇಟೆಂಟ್ ಕಚೇರಿಯ ಪರೀಕ್ಷಣೆ ಕೋರುವ ಅರ್ಜಿಗೆ 4,000 ರೂಪಾಯಿ, ಗಡುವು ಮೊದಲ ಅರ್ಜಿಯಿಂದ 31 ತಿಂಗಳು. ಪೇಟೆಂಟ್ ಬಂದ ಮೇಲೆ, ಅರ್ಜಿಯ ದಿನದಿಂದ ಎಣಿಸಿ 3ನೇ ವರ್ಷದಿಂದ 20ನೇ ವರ್ಷದವರೆಗೆ ನವೀಕರಣಕ್ಕೆ ಒಟ್ಟು 76,800 ರೂಪಾಯಿ ಬೇಕು. ಇವೆಲ್ಲ ಸರ್ಕಾರಿ ಶುಲ್ಕ. ಪೇಟೆಂಟ್ ಏಜೆಂಟರ ಸಂಭಾವನೆ ಬೇರೆ.

ಪ್ರಶ್ನೆ: ನಮ್ಮ ಕಾಲೇಜಿನ ನಾಲ್ಕು ಪೇಟೆಂಟ್‌ಗಳು ವೆಬ್‌ಸೈಟಿನಲ್ಲಿವೆ. ಎರಡು ವರ್ಷವಾಯಿತು, ಒಬ್ಬರೂ ವಿಚಾರಿಸಿಲ್ಲ. ಜಾಹೀರಾತು ಕೊಡಬೇಕೇ?
– ಬೌದ್ಧಿಕ ಆಸ್ತಿ ಘಟಕದ ಸಂಯೋಜಕರು, ಹುಬ್ಬಳ್ಳಿ

ಉತ್ತರ: ಜಾಹೀರಾತಿನ ದುಡ್ಡನ್ನು ಬಸ್ ಚಾರ್ಜಿಗೆ ಇಟ್ಟುಕೊಳ್ಳಿ. ಲೈಸೆನ್ಸ್, ಅಂದರೆ ಪೇಟೆಂಟ್ ಆದದ್ದನ್ನು ತಯಾರಿಸಿ ಮಾರುವ ಅನುಮತಿ, ಪಡೆಯುವವರನ್ನು ಹುಡುಕಿಕೊಂಡು ಹೋಗಬೇಕು. 1970ರಲ್ಲಿ ನೀಲ್ಸ್ ರೀಮರ್ಸ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲೈಸೆನ್ಸಿಂಗ್ ಕಚೇರಿ ಕಟ್ಟಿದಾಗ ಕಾನೂನಿಗಿಂತ ಮಾರುಕಟ್ಟೆಗೆ ಒತ್ತು ಕೊಟ್ಟರು. ಒಂದು ಸಂಶೋಧನೆಯ ಹೊಣೆ ಮೊದಲಿನಿಂದ ಲೈಸೆನ್ಸ್ ಆಗುವವರೆಗೆ ಒಬ್ಬರದೇ ಆಗಿತ್ತು. ನಿಮ್ಮಲ್ಲೂ ನಾಲ್ಕು ಪೇಟೆಂಟ್‌ಗೆ ಒಬ್ಬರ ಹೆಸರು ಬರೆದು ಹೊಣೆ ಒಪ್ಪಿಸಿ.

ಮೊದಲ ಕೆಲಸ, ಒಂದೇ ಪುಟದ ಪರಿಚಯ ಪತ್ರ. ಪೇಟೆಂಟಿನ ಸಾರಾಂಶವನ್ನು ನಕಲು ಮಾಡಿದರೆ ಯಾವ ಕಾರ್ಖಾನೆಯವರೂ ಓದುವುದಿಲ್ಲ. ಮೇಲಿನ ಮೆಣಸಿನಕಾಯಿ ಯಂತ್ರವನ್ನೇ ತೆಗೆದುಕೊಳ್ಳಿ. ಗಂಟೆಗೆ ಎಷ್ಟು ಕಿಲೋ, ನೂರು ಕಾಯಿಯಲ್ಲಿ ಎಷ್ಟು ಒಡೆಯುತ್ತವೆ, ಎಷ್ಟರಲ್ಲಿ ತೊಟ್ಟು ಉಳಿಯುತ್ತದೆ, ಸಿಂಗಲ್ ಫೇಸ್‌ನಲ್ಲಿ ಓಡುತ್ತದೆಯೇ, ತಯಾರಿಸಲು ಎಷ್ಟು ಬೀಳುತ್ತದೆ, ಕೈಯಲ್ಲಿ ಬಿಡಿಸಿದರೆ ಎಷ್ಟಾಗುತ್ತದೆ: ಈ ಆರು ಅಂಕಿ ಪುಟದ ಮೇಲ್ಭಾಗದಲ್ಲಿರಲಿ. ಬ್ಯಾಡಗಿ ಕಾಯಿಯ ಬೆಲೆ ನಿಂತಿರುವುದು ಬಣ್ಣದ ಮೇಲೆ. ತೆಳು ಸಿಪ್ಪೆಯ, ಸುಕ್ಕುಗಟ್ಟಿದ ಕಾಯಿ ಒಡೆದು ಬೀಜ ಚೆಲ್ಲಿದರೆ ದರ ಇಳಿಯುತ್ತದೆ. ಹಾಗಾಗಿ ಕೊಳ್ಳುವವರು ಮೊದಲು ಕೇಳುವುದು ಒಡೆಯುವ ಪ್ರಮಾಣವನ್ನೇ. ಯಂತ್ರ ಏನು ಮಾಡುತ್ತದೆ ಎಂಬುದಷ್ಟೇ ಈ ಪುಟದಲ್ಲಿರಲಿ. ಹೇಗೆ ಮಾಡುತ್ತದೆ ಎಂಬುದು ಗೌಪ್ಯತೆಯ ಒಪ್ಪಂದಕ್ಕೆ ಸಹಿಯಾದ ಮೇಲಿನ ಮಾತು.

ಆಮೇಲೆ ಇಪ್ಪತ್ತು ಹೆಸರುಗಳ ಪಟ್ಟಿ ಮಾಡಿ. ಸಂಶೋಧಕರನ್ನೇ ಮೊದಲು ಕೇಳಿ, ಏಕೆಂದರೆ ಲೈಸೆನ್ಸ್ ಪಡೆಯುವವರು ಹೆಚ್ಚಾಗಿ ಸಿಗುವುದು ಅವರ ಪರಿಚಯದಲ್ಲೇ. ಕೃಷಿ ಯಂತ್ರ ತಯಾರಕರು, ಶೀತಲಗೃಹದವರು, ಮೆಣಸಿನಕಾಯಿಯಿಂದ ಓಲಿಯೊರೆಸಿನ್ (ಬಣ್ಣ, ಖಾರದ ಸಾರ) ತೆಗೆಯುವವರು ಪಟ್ಟಿಯಲ್ಲಿರಲಿ. ಇಮೇಲ್ ಕಳಿಸಿ ಸುಮ್ಮನಾಗದೆ ವಾರದೊಳಗೆ ಫೋನ್ ಮಾಡಿ. ಬೇಡ ಎಂದವರ ಕಾರಣ ಬರೆದಿಟ್ಟುಕೊಳ್ಳಿ. ಐವರು ಒಂದೇ ಕಾರಣ ಹೇಳಿದರೆ ದೋಷ ಯಂತ್ರದಲ್ಲಿದೆ ಎಂದು ತಿಳಿಯಬೇಕು. ಪ್ರಯೋಗಾಲಯದಲ್ಲಿ 5 ಕಿಲೋ ಚೆನ್ನಾಗಿ ಬಿಡಿಸಿದ ಯಂತ್ರ 5 ಕ್ವಿಂಟಲ್ ಹಾಕಿದಾಗ ನಿಂತುಬಿಡಬಹುದು. ಖಾರದ ಧೂಳು ಬೇರಿಂಗಿಗೆ ಸೇರುತ್ತದೆ, ರಬ್ಬರ್ ಸವೆದು ಅಂತರ ಹೆಚ್ಚುತ್ತದೆ. ಆಸಕ್ತಿ ಇದ್ದೂ ಹಿಂಜರಿಯುವವರಿಗೆ ಆರು ತಿಂಗಳ ಆಯ್ಕೆ ಒಪ್ಪಂದ ಕೊಡಿ: ಸಣ್ಣ ಮೊತ್ತ ಕಟ್ಟಿ ಅವರು ಒಂದು ಹಂಗಾಮು ಓಡಿಸಿ ನೋಡಲಿ, ಅಷ್ಟು ದಿನ ಬೇರೆಯವರಿಗೆ ಕೊಡುವುದಿಲ್ಲವೆಂದು ನೀವು ಒಪ್ಪಿಕೊಳ್ಳಿ.

ಪ್ರಶ್ನೆ: ವಿಶ್ವವಿದ್ಯಾಲಯದ ಯಂತ್ರವೊಂದರ ಲೈಸೆನ್ಸ್ ನಮಗೊಬ್ಬರಿಗೇ ಕೊಡಿ ಎಂದು ಕೇಳಿದ್ದೇವೆ. ಅವರು ಮುಂಗಡ, ರಾಯಲ್ಟಿ (ಮಾರಾಟದ ಮೇಲಿನ ಪಾಲು) ಜೊತೆಗೆ ಕನಿಷ್ಠ ರಾಯಲ್ಟಿಯನ್ನೂ ಕೇಳುತ್ತಿದ್ದಾರೆ. ಮಾರದ ಯಂತ್ರಕ್ಕೂ ದುಡ್ಡೇ?
– ಕೃಷಿ ಉಪಕರಣ ತಯಾರಕರು, ತಾರಿಹಾಳ ಕೈಗಾರಿಕಾ ಪ್ರದೇಶ, ಹುಬ್ಬಳ್ಳಿ

ಉತ್ತರ: ಅವರ ಕೇಳಿಕೆ ನ್ಯಾಯವಾದದ್ದು. ನಿಮಗೊಬ್ಬರಿಗೇ ಕೊಟ್ಟರೆ ಉಳಿದವರಿಗೆಲ್ಲ ಬಾಗಿಲು ಮುಚ್ಚಿದಂತೆ. ನೀವು ತಯಾರಿಸದೆ ಕೂತರೆ ಸಾರ್ವಜನಿಕರ ಹಣದಲ್ಲಿ ಆದ ಸಂಶೋಧನೆ ಕಪಾಟು ಸೇರುತ್ತದೆ. ಕನಿಷ್ಠ ರಾಯಲ್ಟಿ ಇರುವುದು ಇದನ್ನು ತಡೆಯಲು. ಲೆಕ್ಕ ಹೀಗೆ: ಯಂತ್ರದ ನಿವ್ವಳ ಮಾರಾಟ ಬೆಲೆ 85,000, ರಾಯಲ್ಟಿ ಶೇ 4 ಎಂದುಕೊಳ್ಳಿ. ಯಂತ್ರಕ್ಕೆ 3,400 ರೂಪಾಯಿ. ವರ್ಷಕ್ಕೆ 12 ಮಾರಿದರೆ 40,800. ಕನಿಷ್ಠ 60,000 ಎಂದು ಒಪ್ಪಿದ್ದರೆ ವ್ಯತ್ಯಾಸದ 19,200 ಕಟ್ಟಬೇಕು. 18ನೇ ಯಂತ್ರಕ್ಕೆ ಆ ಮಿತಿ ದಾಟುತ್ತದೆ.

ನೀವು ಹಟ ಹಿಡಿಯಬೇಕಾದದ್ದು ಬೇರೆ ಕಡೆ. ಮೊದಲ ವರ್ಷ ಅಚ್ಚು, ಜಿಗ್ ಮಾಡಿಸುವುದರಲ್ಲೇ ಕಳೆಯುತ್ತದೆ, ಆದ್ದರಿಂದ ಕನಿಷ್ಠ ರಾಯಲ್ಟಿ ಎರಡನೇ ವರ್ಷದಿಂದ ಶುರುವಾಗಲಿ. ‘ನಿವ್ವಳ ಮಾರಾಟ’ದಿಂದ ಜಿಎಸ್‌ಟಿ, ಸಾಗಣೆ, ವಾಪಸು ಬಂದ ಮಾಲು ಕಳೆಯಬೇಕೆಂದು ಬರೆಸಿ. ಈ ಪದದ ಅರ್ಥ ಬರೆಯದೆ ಬಿಟ್ಟ ಒಪ್ಪಂದಗಳೇ ಮುಂದೆ ಜಗಳವಾಗುವುದು. ಪೂರ್ತಿ ಏಕಸ್ವಾಮ್ಯಕ್ಕೆ ದರ ಹೆಚ್ಚೆನಿಸಿದರೆ ಕರ್ನಾಟಕಕ್ಕೆ ಮಾತ್ರ, ಅಥವಾ ಮೆಣಸಿನಕಾಯಿಗೆ ಮಾತ್ರ ಎಂದು ಕೇಳಿ ನೋಡಿ. ಇನ್ನೊಂದು ಮಾತು: ಪೇಟೆಂಟ್ ಓದಿ ಯಂತ್ರ ಕಟ್ಟಲಾಗದು. ಅಳತೆ ಸಹಿತ ನಕ್ಷೆ, ಬಿಡಿಭಾಗಗಳ ಪಟ್ಟಿ, ರಬ್ಬರ್ ಯಾವ ದರ್ಜೆಯದು, ಸಂಶೋಧಕರು ನಿಮ್ಮ ಶೆಡ್ಡಿಗೆ ಎಷ್ಟು ದಿನ ಬರುತ್ತಾರೆ ಎಂಬುದನ್ನೆಲ್ಲ ಒಪ್ಪಂದದ ಅನುಬಂಧದಲ್ಲಿ ಬರೆಸಿಕೊಳ್ಳಿ.

ಬಾಯಿಮಾತಿನ ಲೈಸೆನ್ಸಿಗೆ ಬೆಲೆಯಿಲ್ಲ. ಪೇಟೆಂಟ್ ಕಾಯ್ದೆಯ ಕಲಂ 68ರ ಪ್ರಕಾರ ಅದು ಲಿಖಿತವಾಗಿರಬೇಕು. ಸಹಿಯಾದ ಮೇಲೆ ನಮೂನೆ 16ರಲ್ಲಿ ಪೇಟೆಂಟ್ ಕಚೇರಿಯಲ್ಲಿ ನೋಂದಾಯಿಸಿ. ಕರ್ನಾಟಕದ ಕಡತಗಳು ಚೆನ್ನೈ ಕಚೇರಿಗೆ ಸೇರುತ್ತವೆ. ನೀವು ಮಾಡುವ ಸುಧಾರಣೆಗಳೆಲ್ಲ ವಿಶ್ವವಿದ್ಯಾಲಯಕ್ಕೆ ಮಾತ್ರ ಸೇರತಕ್ಕದ್ದು ಎಂಬ ಷರತ್ತು ಕಂಡರೆ ತೆಗೆಸಿ, ಕಲಂ 140 ಅಂಥದ್ದನ್ನು ಒಪ್ಪುವುದಿಲ್ಲ.

ಪ್ರಶ್ನೆ: ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ನಾವು ಮೂವರು ಮಾಡಿದ ಸಾಧನಕ್ಕೆ ಕಾಲೇಜಿನ ಜೊತೆ ಜಂಟಿಯಾಗಿ ಪೇಟೆಂಟ್ ಸಿಕ್ಕಿದೆ. ನಾವೇ ಕಂಪನಿಯೊಂದಕ್ಕೆ ಲೈಸೆನ್ಸ್ ಕೊಡಬಹುದೇ?
– ವಿದ್ಯಾರ್ಥಿ, ಗದಗ

ಉತ್ತರ: ಹಾಗೆ ಕೊಡಲು ಬರುವುದಿಲ್ಲ. ಸಹ ಒಡೆಯರು ಪ್ರತಿಯೊಬ್ಬರೂ ಸಾಧನವನ್ನು ತಾವೇ ತಯಾರಿಸಿ ಮಾರಬಹುದು. ಬೇರೆಯವರಿಗೆ ಲೈಸೆನ್ಸ್ ಕೊಡಲು ಕಲಂ 50ರಂತೆ ಎಲ್ಲರ ಒಪ್ಪಿಗೆ ಬೇಕು. ಮೂವರಲ್ಲಿ ಒಬ್ಬ ಪರದೇಶಕ್ಕೆ ಹೋಗಿ ಫೋನ್ ಎತ್ತದಿದ್ದರೂ ಕೆಲಸ ನಿಲ್ಲುತ್ತದೆ. ಲೈಸೆನ್ಸ್ ಕೊಡುವ ಅಧಿಕಾರ ಕಾಲೇಜಿಗೆ, ಬಂದ ಹಣದಲ್ಲಿ ಪಾಲು ಇಂತಿಷ್ಟು ಎಂದು ಈಗಲೇ ಬರೆದು ಎಲ್ಲರೂ ಸಹಿ ಮಾಡಿ.

ಪ್ರಶ್ನೆ: ಕೃಷಿ ವಿಶ್ವವಿದ್ಯಾಲಯದ ಹೊಸ ತಳಿಯ ಬೀಜೋತ್ಪಾದನೆ ಮಾಡಿ ನಮ್ಮ ಹೆಸರಿನಲ್ಲಿ ಮಾರಬೇಕೆಂದಿದ್ದೇವೆ. ಪೇಟೆಂಟ್ ಲೈಸೆನ್ಸ್ ಬೇಕೇ?
– ಬೀಜೋತ್ಪಾದಕರು, ರಾಣೆಬೆನ್ನೂರು

ಉತ್ತರ: ಭಾರತದಲ್ಲಿ ತಳಿಗೂ ಬೀಜಕ್ಕೂ ಪೇಟೆಂಟ್ ಇಲ್ಲ, ಪೇಟೆಂಟ್ ಕಾಯ್ದೆಯ ಕಲಂ 3(ಜೆ) ಅದನ್ನು ಹೊರಗಿಟ್ಟಿದೆ. ಇಲ್ಲಿ ನಡೆಯುವುದು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಹತ್ತಿ ಸಂಕರಣವನ್ನು (ಹೈಬ್ರಿಡ್) ಕೊಟ್ಟಾಗ ಇಂಥ ಕಾನೂನೇ ಇರಲಿಲ್ಲ. ಈಗ ನೋಂದಾಯಿತ ತಳಿಗೆ ಹೊಲದ ಬೆಳೆಯಾದರೆ 15 ವರ್ಷ, ಮರ ಮತ್ತು ಬಳ್ಳಿಗೆ 18 ವರ್ಷ ರಕ್ಷಣೆ. ಉತ್ಪಾದಿಸಿ ಮಾರುವ ಹಕ್ಕು ನೋಂದಣಿ ಪಡೆದವರದು. ಆದ್ದರಿಂದ ತಳಿ ನೋಂದಣಿಯಾಗಿದೆಯೇ ಎಂದು ಮೊದಲು ವಿಚಾರಿಸಿ. ಆಗಿದ್ದರೆ ನಿಮಗೆ ಲಿಖಿತ ಲೈಸೆನ್ಸ್ ಬೇಕೇ ಬೇಕು. ಬೀಜಕ್ಕೆ ಏಕಸ್ವಾಮ್ಯ ಕೇಳಬೇಡಿ. ಒಳ್ಳೆಯ ತಳಿ ಹಲವರ ಕೈಯಲ್ಲಿದ್ದರೇ ರೈತರಿಗೆ ಮುಂಗಾರಿಗೆ ಸರಿಯಾಗಿ ಸಿಗುವುದು.

ಒಪ್ಪಂದದಲ್ಲಿ ವರ್ಷಕ್ಕೆ ಎಷ್ಟು ಕಿಲೋ ತಳಿವರ್ಧಕ ಬೀಜ (ತಳಿ ರೂಪಿಸಿದವರು ಕೊಡುವ ಮೂಲ ಬೀಜ), ಸಂಕರಣವಾದರೆ ಗಂಡು ಮತ್ತು ಹೆಣ್ಣು ಸಾಲಿನ ಪೋಷಕ ಬೀಜ ಪ್ರತ್ಯೇಕವಾಗಿ ಎಷ್ಟು, ಯಾವ ತಿಂಗಳೊಳಗೆ ಎಂದು ಬರೆಸಿ. ಲೈಸೆನ್ಸ್ ಕೈಯಲ್ಲಿದ್ದೂ ಪೋಷಕ ಬೀಜ ಬಿತ್ತನೆಯ ವೇಳೆಗೆ ಬಾರದಿದ್ದರೆ ಹಂಗಾಮು ಕೈತಪ್ಪುತ್ತದೆ. ನಿಮ್ಮಿಂದ ಬೀಜ ಕೊಂಡ ರೈತ ಮುಂದಿನ ವರ್ಷ ತನ್ನ ಬೆಳೆಯ ಬೀಜ ಉಳಿಸಿ, ಬಿತ್ತಿ, ನೆರೆಯವರಿಗೆ ಕೊಟ್ಟರೂ ಮಾರಿದರೂ ನೀವು ತಕರಾರು ತೆಗೆಯುವಂತಿಲ್ಲ. ತಳಿ ಸಂರಕ್ಷಣೆ ಕಾಯ್ದೆಯ ಕಲಂ 39 ಅವನಿಗೆ ಕೊಟ್ಟ ಹಕ್ಕು ಅದು. ಪ್ಯಾಕೆಟ್ ಕಟ್ಟಿ, ಬ್ರ್ಯಾಂಡ್ ಚೀಟಿ ಹಚ್ಚಿ ಮಾರಲು ಮಾತ್ರ ಅವನಿಗೆ ಅವಕಾಶವಿಲ್ಲ.