ಮಳೆಗಾಲ, ಅಂಗಡಿ, ಸಕ್ಕರೆ ಕಾಯಿಲೆ: ಸಂಪಾದಕರ ಉತ್ತರ

ಬದಿಯಡ್ಕದ ಓದುಗರೊಬ್ಬರು ಕೇಳಿದ್ದಾರೆ: ‘ಬೆಳಗ್ಗಿನಿಂದ ರಾತ್ರಿವರೆಗೆ ದಿನಸಿ ಅಂಗಡಿಯಲ್ಲಿ ಕೂತಿರುತ್ತೇನೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ಇದೆ. ದಿನಾ ಅರ್ಧ ಗಂಟೆ ನಡೆಯಲು ಹೇಳಿದ್ದಾರೆ. ಈ ಮಳೆಗೆ ಎಲ್ಲಿ ನಡೆಯಲಿ? ನಡುನಡುವೆ ಎರಡು ಮೂರು ನಿಮಿಷ ಎದ್ದು ಓಡಾಡಿದರೆ ಸಾಕೇ?’

ಖಂಡಿತ ಪ್ರಯೋಜನವಿದೆ. ಊಟದ ನಂತರದ ಸಕ್ಕರೆಯ ಮಟ್ಟಿಗಂತೂ ಬೆಳಗ್ಗೆ ಒಮ್ಮೆ ನಡೆದು ದಿನವಿಡೀ ಕೂರುವುದಕ್ಕಿಂತ ಇದೇ ಮೇಲು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ ಟೈಪ್ 2 ಮಧುಮೇಹಿಗಳು ಒಮ್ಮೆ ದಿನಕ್ಕೊಂದು ಸಲ 30 ನಿಮಿಷ, ಇನ್ನೊಮ್ಮೆ ಪ್ರತಿ ಊಟದ ಬಳಿಕ 10 ನಿಮಿಷ ನಡೆದರು. ಎರಡನೆಯ ಕ್ರಮದಲ್ಲಿ ಊಟದ ನಂತರದ ಸಕ್ಕರೆಯೇರಿಕೆ ಶೇ. 12ರಷ್ಟು ಕಡಿಮೆಯಿತ್ತು, ರಾತ್ರಿಯೂಟದ ನಂತರ ಶೇ. 22ರಷ್ಟು. ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಉಂಡ ಒಂದು, ಒಂದೂವರೆ ಗಂಟೆಯ ಹೊತ್ತಿಗೆ ಸಕ್ಕರೆ ತುದಿ ಮುಟ್ಟುವುದರಿಂದ ಅದಕ್ಕೆ ಮೊದಲೇ ಕಾಲು ಆಡಬೇಕು.

ನಿಮ್ಮಂಥವರು ಅಂಗಡಿ ಮುಚ್ಚಿ ಬಂದು, ತಡವಾಗಿ ಉಂಡು, ಹಾಗೇ ಮಲಗುವುದೇ ದೊಡ್ಡ ತೊಂದರೆ. ಕುಚ್ಚಲಕ್ಕಿ ಅನ್ನವೆಂದು ಧೈರ್ಯದಿಂದ ಎರಡನೇ ಸಲ ಬಡಿಸಿಕೊಳ್ಳುವವರೂ ಇದ್ದಾರೆ. ದಿನಕ್ಕೆ ಒಂದೇ ಸಲ ಸಾಧ್ಯವೆಂದಾದರೆ ರಾತ್ರಿಯೂಟದ ನಂತರದ ಹತ್ತು ನಿಮಿಷವನ್ನೇ ಹಿಡಿಯಿರಿ. ಜಗಲಿಯ ಉದ್ದಕ್ಕೆ ಹೋಗಿ ಬಂದರೂ ಆದೀತು. ಪಾಚಿ ಕಟ್ಟಿದ ಅಂಗಳಕ್ಕೆ ಮಾತ್ರ ಇಳಿಯಬೇಡಿ.

ಹಗಲು, ಅರ್ಧ ಗಂಟೆಗೊಮ್ಮೆ ಮೇಜು ಹಿಡಿದು ನಿಂತು ಅರ್ಧ ಬೈಠಕ್, ಹಿಮ್ಮಡಿ ಎತ್ತುವುದು, ಮೊಣಕಾಲು ಎತ್ತುವುದು, ಒಂದೊಂದೂ 20 ಸೆಕೆಂಡು. ಮೂರು ಸುತ್ತಿಗೆ 3 ನಿಮಿಷ. ಹಿಮ್ಮಡಿಯನ್ನು ಕುಣಿಸಿದರೆ ಮೀನಖಂಡಕ್ಕೆ ಕೆಲಸವಾಗದು, ನಿಧಾನವಾಗಿ ಇಳಿಸಿ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ. ಮೊಣಕಾಲು ನೋವಿದ್ದರೆ ಬೈಠಕ್ ಬದಲು ಎತ್ತರದ ಕುರ್ಚಿಯಿಂದ ಎದ್ದು ಕೂತರೆ ಸಾಕು. ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ. ಕಣ್ಣಿನ ಅಕ್ಷಿಪಟಲಕ್ಕೆ ತೊಂದರೆಯಾಗಿದೆ ಎಂದು ಹೇಳಿದ್ದರೆ ಬೈಠಕ್ ಶುರುಮಾಡುವ ಮೊದಲು ಕಣ್ಣಿನ ಡಾಕ್ಟರನ್ನು ಕೇಳಿ.

ಗ್ಲಿಮೆಪಿರೈಡ್ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ಅದು ಇನ್ಸುಲಿನ್ ಹೆಚ್ಚು ಸುರಿಯುವಂತೆ ಮಾಡುವ ಮಾತ್ರೆ. ಊಟ ತಪ್ಪಿಸಿ ಓಡಾಡಿದರೆ ಸಕ್ಕರೆ ಕುಸಿಯಬಹುದು. ಕೈ ನಡುಕ, ತಣ್ಣನೆಯ ಬೆವರು, ಅಥವಾ ಮೀಟರಿನಲ್ಲಿ 70ಕ್ಕಿಂತ ಕಡಿಮೆ ಕಂಡರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಲಡ್ಡು, ಚಾಕೊಲೇಟ್ ಬೇಡ. ಕೊಬ್ಬಿರುವುದರಿಂದ ಸಕ್ಕರೆ ತಡವಾಗಿ ಏರುತ್ತದೆ.

ಒಂದೇ ಬಗೆಯ ರಾತ್ರಿಯೂಟ ಮಾಡಿ, ಒಂದು ದಿನ ನಡೆದು, ಒಂದು ದಿನ ನಡೆಯದೆ, ಉಣ್ಣಲು ಕೂತ 2 ಗಂಟೆಗೆ ಮೀಟರು ನೋಡಿ ಬರೆದಿಡಿ. ಅಂಕಿ ಇಳಿಯಿತೆಂದು ಮಾತ್ರೆಯನ್ನು ನೀವಾಗಿ ಕಡಿಮೆ ಮಾಡಬೇಡಿ. ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ.